ಗುಡ್ಡ ಸರಿಸಿದ ಸಂಜೆ

ನಾನು ಒಂದೇ ಸಂಜೆ ಒಂಬೈನೂರು ಜನರನ್ನು ಕುಣಿಸಿ, ಆ ಕುಣಿತಕ್ಕೆ ಎದ್ದ ಗಾಳಿಯಲ್ಲಿ ನಮ್ಮೂರ ಗುಡ್ಡವನ್ನು ಎರಡು ಅಂಗುಲ ಆಚೆ ಸರಿಸಿದ್ದೇನೆ. ಊರಿನ ಜನಸಂಖ್ಯೆ ಆಗ ಆರುನೂರ ಎಂಬತ್ತು. ಉಳಿದವರು ಎಲ್ಲಿಂದ ಬಂದರೆಂದು ನಾನು ಕೇಳಲಿಲ್ಲ; ಕೆಲಸದ ಹೊತ್ತಿನಲ್ಲಿ ಅಂಥದ್ದೆಲ್ಲ ಕೇಳುತ್ತ ಕೂರಲು ಆಗುವುದಿಲ್ಲ. ಸಾಕ್ಷಿ ಬೇಕಾದವರು ನನ್ನ ಗಡಿಯಾರದ ಅಂಗಡಿಗೆ ಬರಬಹುದು. ಕಿಟಕಿಯ ಚೌಕಟ್ಟಿನ ಮೇಲೆ ಎರಡು ಪೆನ್ಸಿಲ್ ಗೆರೆಗಳಿವೆ. ಒಂದು, ಗುಡ್ಡದ ತುದಿ ಮೊದಲು ಕಾಣುತ್ತಿದ್ದ ಜಾಗ. ಇನ್ನೊಂದು, ಈಗ ಕಾಣುವ ಜಾಗ. ನಡುವೆ ಸರಿಯಾಗಿ ಎರಡು ಅಂಗುಲ. ಅಳತೆಪಟ್ಟಿ ನಾನೇ ಕೊಡುತ್ತೇನೆ.

ನಮ್ಮೂರಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಜನ ಜೋಡಿಜೋಡಿಯಾಗಿ ಕುಣಿದರೆ ಅವರಿದ್ದ ಕಡೆಗೆ ಬರುತ್ತದೆ, ಅವರು ನಿಂತರೆ ನಿಲ್ಲುತ್ತದೆ. ಹೊರಗಿನವರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಯಾರೂ ಕುಣಿಯದಿದ್ದರೂ ಬೀಸುತ್ತದಂತಲ್ಲ, ಅದು ಯಾಕೆ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ. ಶನಿವಾರ ಸಂಜೆ ನಾಲ್ಕೂವರೆಯಿಂದ ಸೂರ್ಯ ಮುಳುಗುವವರೆಗೆ ಪುರಸಭೆಯ ಅಂಗಳದಲ್ಲಿ ಕುಣಿತ. ವಾರದ ಗಾಳಿಯ ಕೆಲಸವೆಲ್ಲ ಆ ಹೊತ್ತಿಗೆ ಕಾಯುತ್ತಿರುತ್ತದೆ. ಹೆಂಗಸರು ಮೊರ, ಗೆರಸೆ ಹಿಡಿದು ಬೇಲಿಯ ಬದಿಗೆ ಸಾಲಾಗಿ ನಿಲ್ಲುತ್ತಾರೆ. ಒದ್ದೆ ಬಟ್ಟೆ ಹಗ್ಗಕ್ಕೆ ಏರುತ್ತದೆ. ಮಂಗಳವಾರ ಹುರಿದ ಮೀನಿನ ವಾಸನೆ ಶನಿವಾರದವರೆಗೆ ಹುರಿದವರ ಅಡುಗೆಮನೆಯಲ್ಲೇ ಇರುತ್ತದೆ. ಯಾರ ಮನೆಯಲ್ಲಿ ಏನು ಸಾರೆಂದು ತಿಳಿಯಬೇಕಾದರೆ ಒಳಗೇ ಹೋಗಬೇಕು. ಹಾಗಾಗಿ ನಮ್ಮೂರಲ್ಲಿ ಹೋಗಿಬರುವುದು ಜಾಸ್ತಿ.

ಎಲ್ಲ ಕುಣಿತಕ್ಕೂ ಒಂದೇ ಗಾಳಿ ಬರುವುದಿಲ್ಲ. ಡೊಳ್ಳಿಗೆ ಬರೀ ಧೂಳು ಎದ್ದಿತು. ಭಜನೆಗೆ ಕುಣಿದಾಗ ಗಾಳಿ ನೆಟ್ಟಗೆ ಮೇಲಕ್ಕೆ ಹೋಯಿತು, ಕೆಳಗಿನವರಿಗೆ ಏನೂ ಸಿಗಲಿಲ್ಲ. ಒಮ್ಮೆ ಮದುವೆಯ ಬ್ಯಾಂಡಿನವರನ್ನು ಕರೆಸಿದ್ದರು. ಆ ಗಾಳಿ ಒಂದೇ ದಿಕ್ಕಿಗೆ ಹೊರಟದ್ದು ಮತ್ತೆ ಬರಲಿಲ್ಲ. ಅದರ ಜೊತೆ ಹೋದ ಹದಿನಾಲ್ಕು ಪಂಚೆಗಳೂ ಬರಲಿಲ್ಲ. ಬಂದು, ಸ್ವಲ್ಪ ಹಿಂದೆ ಸರಿದು, ಮತ್ತೆ ಬರುವ ಗಾಳಿ, ಬಟ್ಟೆ ಒಣಗಿಸಿ ಹಾಯಿದೋಣಿಯನ್ನು ದಡಕ್ಕೆ ತರುವ ಗಾಳಿ, ಅದು ಸ್ವಿಂಗ್ ಎಂಬ ಕಡಲಾಚೆಯ ಕುಣಿತದ ಸಂಗೀತಕ್ಕೆ ಮಾತ್ರ ಒಲಿಯಿತು. ಆ ಗಾಳಿಗೆ ದೋಣಿ ನೆಟ್ಟಗೆ ಬರುವುದಿಲ್ಲ, ನಾಲ್ಕು ಮಾರು ಮುಂದೆ, ಒಂದು ಮಾರು ಹಿಂದೆ, ತೊಟ್ಟಿಲ ಹಾಗೆ ಓಲಾಡುತ್ತ ಬರುತ್ತದೆ.

ಆ ಸಂಗೀತ ಊರಿಗೆ ಬಂದದ್ದು ಸೆಲೆಸ್ತಿನ್ ಬಾಯಿಯವರ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ. ಆತ ಕಡಲಾಚೆಯ ಯಾವುದೋ ಹೋಟೆಲಿನಲ್ಲಿ ಕ್ಲಾರಿನೆಟ್ ಊದುತ್ತಿದ್ದನಂತೆ. ಹಿಂದಿರುಗುವಾಗ ಬಟ್ಟೆಬರೆ ಬಿಟ್ಟು ಇನ್ನೂರ ಹದಿನಾಲ್ಕು ಕಪ್ಪು ಗ್ರಾಮಫೋನ್ ತಟ್ಟೆ ತಂದ. ಬಾಯಿಯವರು ನಮ್ಮೂರ ಅಂಚೆ ಕಚೇರಿಯಲ್ಲಿದ್ದವರು. ಮೂವತ್ತೊಂದು ವರ್ಷ ಪ್ರತಿ ಶನಿವಾರ ಆ ತಟ್ಟೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ಊರಿಗೆ ಗಾಳಿ ಕೊಟ್ಟರು. ಈಗಿನವರು ಇದನ್ನು ಡಿಜೆ ಅನ್ನುತ್ತಾರೆ. ಪುರಸಭೆಯ ಕಡತದಲ್ಲಿ ಹುದ್ದೆಯ ಹೆಸರು 'ತಟ್ಟೆ ಹಾಕುವವರು'.

ಬಾಯಿಯವರಿಗೆ ಎಪ್ಪತ್ತೊಂದು ತುಂಬಿದಾಗ ಕಣ್ಣಿಗೆ ಪೊರೆ ಬಂತು. ತಟ್ಟೆಯ ಮೇಲಿನ ಹೆಸರು ಕಾಣುತ್ತಿರಲಿಲ್ಲ. ಅದು ಅವರಿಗೆ ಬೇಕಾಗಿಯೂ ಇರಲಿಲ್ಲ, ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದರು. ಆದರೆ ಕುಣಿಯುವವರ ಕಾಲು ಮಸುಕಾಗತೊಡಗಿದಾಗ, ಇನ್ನು ಬೇರೆಯವರು ಬೇಕು ಎಂದರು. ಇಡೀ ಪ್ರಪಂಚದಲ್ಲಿ ಹುಡುಕಿ ನನ್ನನ್ನು ಆರಿಸಿದರು. ಪ್ರಪಂಚ ಎಂದರೆ ಯಂತ್ರದ ಮೋಟಾರು ಕೆಟ್ಟಿತ್ತು, ರಿಪೇರಿಗೆ ನಾನು ಅವರ ಮನೆಗೆ ಹೋಗಿದ್ದೆ. ಮೋಟಾರು ಸರಿಯಾಯಿತೇ ಎಂದು ನೋಡಲು ಅವರೊಂದು ಹಾಡು ಹಾಕಿದರು. ನಾನು ಸ್ಕ್ರೂ ಬಿಗಿಯುತ್ತಿದ್ದೆ. ಹಾಡು ಮುಗಿದ ಮೇಲೆ ಅವರೆಂದರು:

"ಭೋಜ, ಮೇಜಿನಡಿ ನಿನ್ನ ಕಾಲು ತಪ್ಪುತಪ್ಪಾಗಿ ಕುಣೀತಿತ್ತು. ಆದ್ರೆ ಕುಣೀತಿತ್ತು. ನಾಳೆಯಿಂದ ಕಲೀಲಿಕ್ಕೆ ಬಾ."

ಇದನ್ನು ಕೇಳಿ ಊರು ಸಂಭ್ರಮಪಟ್ಟಿತು. ಪುರಸಭೆಯ ಸಭೆಯಲ್ಲಿ ವಾರಿಜಾ ಟೀಚರ್ ಎದ್ದು ನಿಂತು ಮಾತಾಡಿದರು. ಅವರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ, ಟೈಲರ್ ಸಂಕಪ್ಪನ ಜೊತೆ ಊರಿನ ಮೊದಲ ಜೋಡಿ. ಅವರಿಬ್ಬರು ಇಳಿದರೆ ಮಾತ್ರ ಉಳಿದವರು ಅಂಗಳಕ್ಕೆ ಇಳಿಯುತ್ತಾರೆ. "ಭೋಜಣ್ಣನನ್ನು ಹಾಕುವುದಾದ್ರೆ ನಾವು ಕುಣಿಯುವುದೇ ಬೇಡ," ಎಂದರು ಟೀಚರ್. "ಅವ ಮಾತಾಡ್ಲಿ. ಗಾಳಿ ಸಾಕಾಗ್ತದೆ." ಸಭೆ ಐದು ನಿಮಿಷ ನಕ್ಕಿತು. ನನ್ನ ಮೇಲಿನ ಪ್ರೀತಿ ಅಷ್ಟಿತ್ತು.

ಕಲಿಯಲು ನನಗೆ ಮೂರು ದಿನ ಸಾಕಾಯಿತು. ಬಾಯಿಯವರು ಆರು ತಿಂಗಳು ಕಲಿಸಿದರು, ಅದು ಅವರ ಸಂತೋಷಕ್ಕೆ. ಮೊದಲ ದಿನ ಒಂದು ತಟ್ಟೆ ಹಾಕಿ, "ಇದು ಹೇಗೆ ಹೋಗ್ತದೆ ಹೇಳು" ಎಂದರು. ನಾನು ಸ್ಟಾಪ್‌ವಾಚ್ ತೆಗೆದು ಎಣಿಸಿ, "ನಿಮಿಷಕ್ಕೆ ನೂರ ನಲವತ್ತೆಂಟು ಪೆಟ್ಟು" ಎಂದೆ.

"ಎಂತ ಮಾರಾಯ, ನಾಡಿ ನೋಡ್ಲಿಕ್ಕೆ ಕರೆದದ್ದಾ ನಿನ್ನನ್ನು?"

"ಮತ್ತೆ ಹೇಗೆ ಹೇಳುವುದು ಬಾಯೀ?"

"ನಿನ್ನ ಗಡಿಯಾರ ನೆಟ್ಟಗೆ ನಡೀತದೆ, ಟಿಕ್ ಟಿಕ್ ಟಿಕ್. ಇದು ಹಾಗಲ್ಲ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಒಳ್ಳೆ ಸುದ್ದಿ ತಕ್ಕೊಂಡು ಮನೆಗೆ ಬರುವವ ಹೇಗೆ ನಡೀತಾನೆ ನೋಡಿದ್ದಿಯಾ? ಹಾಗೆ."

ನಾನು ಒಪ್ಪಿದೆ. ಒಪ್ಪಿ, ಮನೆಗೆ ಹೋಗುವ ಮೊದಲು ಇನ್ನೂರ ಹದಿನಾಲ್ಕು ತಟ್ಟೆಗಳ ಮೇಲೂ ಪೆನ್ಸಿಲಿನಲ್ಲಿ ಪೆಟ್ಟಿನ ಸಂಖ್ಯೆ ಬರೆದಿಟ್ಟೆ. ವಿಜ್ಞಾನ ಬೇಡವೇ? ಬಾಯಿಯವರು ದಿನಾ ಹೇಳುತ್ತಿದ್ದ ಮಾತು ಒಂದೇ: "ತಟ್ಟೆ ನೋಡ್ಬೇಡ, ಕಾಲು ನೋಡು. ಯಾರು ಸುಸ್ತಾದ್ರು, ಯಾರು ಚಪ್ಪಲಿ ಹುಡುಕ್ತಾ ಇದ್ದಾರೆ, ಯಾರು ಕೂತಲ್ಲೇ ಹೆಬ್ಬೆರಳು ಆಡಿಸ್ತಾ ಇದ್ದಾರೆ. ಮುಂದಿನ ಹಾಡು ಅಲ್ಲಿ ಬರೆದಿರ್ತದೆ. ನಿನಗೆ ಕೇಳ್ಲಿಕ್ಕೆ ಚೆಂದ ಆಗುವ ಹಾಡು ಬೇರೆ, ಅವರಿಗೆ ಕುಣೀಲಿಕ್ಕೆ ಆಗುವ ಹಾಡು ಬೇರೆ." ನಾನು ಅದನ್ನೂ ಬರೆದಿಟ್ಟುಕೊಂಡೆ. ಎಲ್ಲಿ ಎಂದು ನೆನಪಿಲ್ಲ.

ಆ ವರ್ಷ ಬಾಯಿಯವರು ಪೊರೆ ತೆಗೆಸಲು ಕೆರೆಯಾಚೆಯ ಆಸ್ಪತ್ರೆಗೆ ಹೋದರು. ನಮ್ಮ ಕೆರೆ ಸಮುದ್ರಕ್ಕಿಂತ ದೊಡ್ಡದು. ಅಳೆದವರು ಐದು ಮೈಲಿ ಅನ್ನುತ್ತಾರೆ, ಅವರವರ ಅಳತೆಪಟ್ಟಿಯ ತಪ್ಪು. ಹೋಗುವಾಗ ಆಚೆ ದಡದವರು ಗುರುವಾರ ಕುಣಿದು ಎಳೆದುಕೊಂಡರು. ಬರುವುದು ಶನಿವಾರ, ನಮ್ಮ ಗಾಳಿಯಲ್ಲಿ, ಅಂದರೆ ನನ್ನ ಗಾಳಿಯಲ್ಲಿ. ನನ್ನ ಮೊದಲ ಸಂಜೆಯನ್ನು ಅದೇ ಶನಿವಾರಕ್ಕೆ ಇಟ್ಟವರು ಬಾಯಿಯವರೇ. ಪುರಸಭೆಯ ಅಧ್ಯಕ್ಷರು ಬೇಡವೆಂದು ಬಹಳ ಹೇಳಿದರು. ಕೊನೆಗೆ ಎಲ್ಲರೆದುರು ಒಂದು ಮಾತಾಯಿತು: ಸೂರ್ಯ ಮುಳುಗುವ ಮೊದಲು ಬಾಯಿಯವರ ದೋಣಿ ದಡದ ಕಟ್ಟೆಗೆ, ಅಂದರೆ ದಕ್ಕೆಗೆ, ಮುಟ್ಟಿದರೆ ಕೆಲಸ ಭೋಜರಾಜನದು. ಮುಟ್ಟದಿದ್ದರೆ ಅವನು ಆ ಪೆಟ್ಟಿಗೆಯನ್ನು ಇನ್ನು ಮುಟ್ಟುವಂತಿಲ್ಲ.

"ಕಣ್ಣಿಗೆ ಹೊಲಿಗೆ ಹಾಕಿರ್ತಾರೆ," ಎಂದು ವಾರಿಜಾ ಟೀಚರ್ ನನ್ನ ಅಂಗಡಿಗೇ ಬಂದು ಹೇಳಿದರು. "ಒಂದು ಕೊಡ ನೀರು ಸಹ ಎತ್ತಬಾರದು, ಬಗ್ಗಬಾರದು, ಬಂದ ಕೂಡ್ಲೇ ಮಲಗಬೇಕು ಅಂತ ಡಾಕ್ಟ್ರು ಹೇಳಿದ್ದಾರಂತೆ. ಅವರನ್ನು ಕೆರೆ ಮಧ್ಯದಲ್ಲಿ ಕೂರಿಸ್ಬೇಡ ಭೋಜಣ್ಣ. ನಿನಗೆ ಕೈ ಮುಗೀತೇನೆ."

"ಟೀಚರ್," ಎಂದೆ, "ಅವರು ದಕ್ಕೆಯಲ್ಲಿ ಇಳಿಯುವುದಿಲ್ಲ. ನನ್ನ ಗಾಳಿಗೆ ದೋಣಿ ಸೀದಾ ಅವರ ಮನೆಯ ಜಗಲಿಗೆ ಬಂದು ನಿಲ್ತದೆ."

ಈಗ ಆ ಸಂಜೆ. ನಾಲ್ಕೂವರೆಗೆ ನಾನು ಪುರಸಭೆಯ ಮೆಟ್ಟಿಲ ಮೇಲೆ ಮೇಜು ಹಾಕಿ ನಿಂತೆ. ಅಲ್ಲಿಂದ ಕೆರೆ ನೇರ ಕಾಣುತ್ತದೆ. ದೋಣಿ ನಡೆಸುವ ಇಸುಬಾಕ ಮಧ್ಯಾಹ್ನವೇ ಆಚೆ ದಡದಿಂದ ಹೊರಟು, ಬಿದಿರಿನ ಗಳ ತಳ ಮುಟ್ಟುವವರೆಗೆ ಒತ್ತಿಕೊಂಡು ಬಂದು, ಆಳದ ನೀರಲ್ಲಿ ಹಾಯಿ ಬಿಚ್ಚಿ ನಮ್ಮ ಗಾಳಿಗೆ ಕಾಯುವುದು ಪದ್ಧತಿ. ಪಡುವಣ ಬಿಸಿಲಿನ ಹೊಳಪಿನಲ್ಲಿ ಆ ಹಾಯಿ ಒಂದು ಉಗುರಿನಷ್ಟು ಕಪ್ಪಾಗಿ ಕಾಣುತ್ತಿತ್ತು. ಅದರಲ್ಲಿ ಇಸುಬಾಕ ಮತ್ತು ಬಾಯಿ, ಇಬ್ಬರೇ.

ಮೊದಲ ತಟ್ಟೆಯಾಗಿ ನಾನು ಪೆಟ್ಟಿಗೆಯಲ್ಲೇ ಅಪರೂಪವಾದದ್ದನ್ನು ಹಾಕಿದೆ. ಏಳು ನಿಮಿಷದ್ದು, ನಿಮಿಷಕ್ಕೆ ಇನ್ನೂರ ತೊಂಬತ್ತು ಪೆಟ್ಟು. ಅದನ್ನು ನಾನು ಮನೆಯಲ್ಲಿ ನಲವತ್ತು ಸಲ ಕೇಳಿ ನಲವತ್ತು ಸಲವೂ ಕಣ್ಣೀರು ಹಾಕಿದ್ದೆ. ಟೀಚರ್ ಮತ್ತು ಸಂಕಪ್ಪ ಇಳಿದರು, ಊರು ಇಳಿಯಿತು. ಗಾಳಿ ಎಂದರೆ ಎಂಥ ಗಾಳಿ! ಒಂದು ನಿಮಿಷದಲ್ಲಿ ಮೊರದ ಹೊಟ್ಟೆಲ್ಲ ಪಕ್ಕದ ತಾಲೂಕಿಗೆ ಹೋಯಿತು, ಜೊತೆಗೆ ಅರ್ಧ ಅಕ್ಕಿಯೂ. ಮೂರನೆಯ ನಿಮಿಷಕ್ಕೆ ಸಂಕಪ್ಪ ಎದೆ ಹಿಡಿದುಕೊಂಡ.

"ಭೋಜಣ್ಣಾ," ಎಂದು ಟೀಚರ್ ತಿರುಗುತ್ತಲೇ ಕೂಗಿದರು, "ಇದು ಮುಗಿಯುವುದುಂಟಾ, ಅಲ್ಲ ನಾವು ಮುಗಿಯುವುದಾ?"

ನಾಲ್ಕನೆಯ ನಿಮಿಷಕ್ಕೆ ಎಲ್ಲರೂ ಕೂತುಬಿಟ್ಟರು. ತೃಪ್ತಿಯಾದವರು ಕೂರುತ್ತಾರೆ. ಉಳಿದ ಮೂರು ನಿಮಿಷ ಒಂಬೈನೂರು ಜನ ಕೂತು, ಬಾಯಿ ತೆರೆದು ಉಸಿರಾಡುತ್ತ ನನ್ನ ತಟ್ಟೆಯನ್ನು ಆಲಿಸಿದರು. ಮಧ್ಯದಲ್ಲಿ ತೆಗೆಯಬಹುದಿತ್ತಲ್ಲ ಎಂದು ಕೆಲವರು ಆಮೇಲೆ ಕೇಳಿದರು. ಕೊನೆಯಲ್ಲಿ ಒಂದು ಕ್ಲಾರಿನೆಟ್ ಬರುತ್ತದೆ, ಅದನ್ನು ಬಿಟ್ಟು ಹೇಗೆ ತೆಗೆಯುವುದು?

ಎರಡನೆಯದಾಗಿ ದಣಿದವರಿಗೆಂದು ಒಂದು ನಿಧಾನದ್ದು ಹಾಕಿದೆ. ಅದು ಎಷ್ಟು ನಿಧಾನವಾಗಿತ್ತೆಂದರೆ ಎದ್ದು ನಿಂತ ನಾಲ್ಕು ಜೋಡಿಗಳಲ್ಲಿ ಒಂದು ಜೋಡಿ ನಿಂತಲ್ಲೇ ಮನೆಯ ಸಾಮಾನಿನ ವಿಷಯ ಮಾತಾಡತೊಡಗಿತು. ಮೂರನೆಯದು ಬರೀ ತುತ್ತೂರಿ. ತಾಳ ಎಲ್ಲೋ ಹಿಂದೆ ಉಳಿದು ತುತ್ತೂರಿ ಮಾತ್ರ ಊರು ಸುತ್ತಲು ಹೋಗಿ ಬರುವಂಥದ್ದು. ಸಂಕಪ್ಪ ಒಂದು ಕಾಲು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತ. "ಇದಕ್ಕೆ ಅಳತೆ ತೆಗೆಯುವುದು ಹೇಗೆ ಮಾರಾಯ್ರೆ?" ಎಂದ. ಆಮೇಲೆ ಅವನೂ ಹೋಗಿ ಕೂತ. ತಟ್ಟೆ ಮುಗಿದು ಗಂಟೆ ಕಳೆದರೂ ಅಂಗಳ ಪೂರ್ತಿ ಖಾಲಿ. ಹಗ್ಗದ ಮೇಲಿನ ಬಟ್ಟೆ ಅಲುಗುತ್ತಿರಲಿಲ್ಲ. ಮೊರ ಹಿಡಿದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಇದನ್ನು ಸೋಲು ಅಂದುಕೊಳ್ಳುವವರಿಗೆ ಗಾಳಿಯ ಸ್ವಭಾವ ಗೊತ್ತಿಲ್ಲ. ನನ್ನ ಗಾಳಿ ಆಗ ಗುಡ್ಡದ ಹಿಂದೆ ಹೋಗಿ ಬಲ ಕೂಡಿಸಿಕೊಳ್ಳುತ್ತಿತ್ತು.

ಸೂರ್ಯ ಮೂರು ಬೆರಳು ಮೇಲಿದ್ದ. ಟೀಚರ್ ಮೆಟ್ಟಿಲ ತುದಿಯಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಬೈಯಲು ಬಾಯಿ ತೆರೆದವರು ಹಾಗೇ ನಿಂತು, "ಅಯ್ಯೋ," ಎಂದರು. "ದೋಣಿ ಬರ್ತಾ ಉಂಟು!"

ಊರು ಎದ್ದು ನಿಂತಿತು. ನಿಜ. ಉಗುರಿನಷ್ಟಿದ್ದ ಹಾಯಿ ಅಂಗೈಯಷ್ಟಾಗಿತ್ತು. ಓಲಾಡುವುದಿಲ್ಲ, ಹಿಂದೆಮುಂದೆ ಇಲ್ಲ, ನೂಲು ಹಿಡಿದ ಹಾಗೆ ನೆಟ್ಟಗೆ ಬರುತ್ತಿತ್ತು. ಅಂಥ ದೋಣಿಯನ್ನು ಆವರೆಗೆ ಯಾರೂ ನೋಡಿರಲಿಲ್ಲ.

"ಗಾಳಿ ಇಲ್ಲದೆ ದೋಣಿ ಬರ್ತದಾ?" ಎಂದ ಸಂಕಪ್ಪ. "ಗಾಳಿ ಉಂಟು. ಕೂತವರಿಗೆ ಗೊತ್ತಾಗ್ಲಿಲ್ಲ, ಅಷ್ಟೇ. ಬನ್ನಿ ಟೀಚರ್."

ಆ ಗಳಿಗೆಗೆಂದೇ ನಾನು ಎತ್ತಿಟ್ಟಿದ್ದ ತಟ್ಟೆಯನ್ನು ಹಾಕಿದೆ. ನೂರ ನಲವತ್ತೆಂಟರದ್ದು, ಮೊದಲ ದಿನದ ಪಾಠದ್ದು. ಊರಿಗೆ ಊರೇ ಇಳಿಯಿತು. ಮೊರ ಹಿಡಿದವರು ಮೊರ ಕೆಳಗಿಟ್ಟು ಇಳಿದರು. ಅಧ್ಯಕ್ಷರು ಇಳಿದರು. ಗಾಳಿ ಬಂತು, ಗುಡ್ಡದ ಹಿಂದಿನಿಂದ ಬಂತು, ಬರುವ ದಾರಿಯಲ್ಲಿ ಗುಡ್ಡವನ್ನು ಎರಡು ಅಂಗುಲ ತಳ್ಳಿಯೇ ಬಂತು. ಸೂರ್ಯ ಒಂದು ಬೆರಳು ಉಳಿದಿರುವಾಗ ದೋಣಿ ದಕ್ಕೆಗೆ ಮುಟ್ಟಿತು. ನಾನು ಎಲ್ಲರಿಗಿಂತ ಮುಂದೆ ಓಡಿ, ಬಾಯಿಯವರ ಮಣಿಕಟ್ಟು ಹಿಡಿದು, ರಾಣಿಯನ್ನು ಇಳಿಸುವ ಹಾಗೆ ಇಳಿಸಿದೆ. ಒಂದು ಕಣ್ಣಿಗೆ ಬಿಳಿ ಪಟ್ಟಿ. ಊರೆಲ್ಲ ಕೇಳುವ ಹಾಗೆ ಅವರು ಹೇಳಿದ್ದು ಇಷ್ಟು:

"ಗಾಳಿ ಚೆಂದ ಇತ್ತು ಮಾರಾಯ."

ಅಲ್ಲಿಗೆ ಕೆಲಸ ನನ್ನದಾಯಿತು. ಆ ಗಾಳಿಯ ರಭಸ ಎಷ್ಟಿತ್ತೆಂದರೆ, ಅದರ ಧೂಳು ಪಟ್ಟಿಯ ಒಳಗೂ ಹೊಕ್ಕು ಬಾಯಿಯವರ ಆ ಕಣ್ಣು ಮತ್ತೆ ಪೂರ್ತಿ ತಿಳಿಯಾಗಲಿಲ್ಲ. ಇವತ್ತಿಗೂ ಆ ಕಣ್ಣಿಗೆ ಎಲ್ಲವೂ ಮಂಜು. ಅಂಥ ಗಾಳಿ ಅದು.

ಹನ್ನೊಂದು ವರ್ಷ ನಾನು ಈ ಕಥೆಯನ್ನು ಹೀಗೇ ಹೇಳಿದ್ದೇನೆ. ಗಡಿಯಾರ ರಿಪೇರಿಗೆ ಕೊಟ್ಟವರು ಇದನ್ನು ಕೇಳದೆ ಗಡಿಯಾರ ವಾಪಸು ತೆಗೆದುಕೊಂಡು ಹೋದದ್ದಿಲ್ಲ. ಮೊದಲ ವರ್ಷ ಮುನ್ನೂರು ಜನ ಕುಣಿದಿದ್ದರು, ಈಗ ಒಂಬೈನೂರು. ಕಥೆ ಹೇಳಿದ ಹಾಗೆ ಊರು ಬೆಳೆಯುತ್ತದೆ.

ಈ ವರ್ಷ ಊರು ನಿಜಕ್ಕೂ ಬೆಳೆದು, ಶನಿವಾರದ ಗಾಳಿ ಸಾಲದೆ ಬುಧವಾರವೂ ಕುಣಿತ ಇಡಬೇಕೆಂದು ಪುರಸಭೆ ತೀರ್ಮಾನಿಸಿತು. ಬುಧವಾರಕ್ಕೆ ತಟ್ಟೆ ಹಾಕುವವರನ್ನು ಆರಿಸಿದ್ದು ಮತ್ತೆ ಬಾಯಿಯವರೇ, ಈಗ ಎಂಬತ್ತೆರಡು. ನನ್ನನ್ನು ಕೇಳಲಿಲ್ಲ. ಆರಿಸಿದ್ದು ಹಿಟ್ಟಿನ ಗಿರಣಿ ನಡೆಸುವ ಸುಗಂಧಿಯನ್ನು. ನಲವತ್ತರ ಹೆಂಗಸು, ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿ ಗಿರಣಿಯ ಬಾಯಿಗೆ ಸುರಿಯುತ್ತಾಳೆ. ಅಂಥವಳು ಕಳೆದ ಬುಧವಾರ ಮೂರು ಹಾಡಿನಲ್ಲಿ ಅಂಗಳ ಖಾಲಿ ಮಾಡಿದಳು. ಗುರುವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ತಟ್ಟೆಯ ಪೆಟ್ಟಿಗೆಯ ಬೀಗದ ಕೈಯನ್ನು ಗಾಜಿನ ಮೇಲಿಟ್ಟಳು. ರೆಪ್ಪೆಯ ಮೇಲೆ ಹಿಟ್ಟು, ಹಿಟ್ಟಿನಲ್ಲಿ ಕಣ್ಣೀರ ಗೆರೆ.

"ನನ್ನಿಂದ ಆಗ್ಲಿಕ್ಕಿಲ್ಲ ಭೋಜಣ್ಣ," ಎಂದಳು. "ಒಂದು ಕರವಸ್ತ್ರ ಅಲ್ಲಾಡ್ಲಿಲ್ಲ. ಎಲ್ಲರೂ ಕೂತು ನನ್ನನ್ನು ನೋಡ್ತಾ ಇದ್ರು. ನಾನು ತಟ್ಟೆ ನೋಡ್ತಾ ಇದ್ದೆ."

ಬಾಯಿಯವರು ಆಗ ಅಲ್ಲೇ ಬೆಂಚಿನ ಮೇಲಿದ್ದರು. ಕೈಗಡಿಯಾರದ ಪಟ್ಟಿ ತುಂಡಾಗಿತ್ತು, ಅದಕ್ಕೆ ಬಂದಿದ್ದರು. ನಾನು ಸುಗಂಧಿಗೆ ಧೈರ್ಯ ತುಂಬೋಣವೆಂದು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಮೊದಲ ಸಂಜೆಯ ಕಥೆಯನ್ನು ಹೇಳಿದೆ. ಈಗ ನಿಮಗೆ ಹೇಳಿದ ಹಾಗೆಯೇ, ಆದರೆ ಕೂತವರನ್ನೆಲ್ಲ ಬಿಟ್ಟು, ಕುಣಿದವರನ್ನು ಮಾತ್ರ ಇಟ್ಟುಕೊಂಡು. ಗುಡ್ಡವನ್ನೂ ತೋರಿಸಿದೆ, ಗೆರೆಗಳನ್ನೂ ತೋರಿಸಿದೆ. ಅವಳು ಎರಡು ಅಂಗುಲವನ್ನು ಬಹಳ ಹೊತ್ತು ನೋಡಿದಳು.

"ಅದೇ ಹೇಳಿದ್ದು ನಾನು," ಎಂದು ಎದ್ದಳು. "ನಿಮಗೆ ಮೊದಲ ದಿನವೇ ಗುಡ್ಡ ಸರೀತು. ನನಗೆ ಕರವಸ್ತ್ರ ಸರೀಲಿಲ್ಲ. ಇದು ಎಲ್ಲರಿಗೂ ಬರುವಂಥದ್ದಲ್ಲ. ಬೀಗದ ಕೈ ನಿಮ್ಮ ಹತ್ರವೇ ಇರ್ಲಿ."

"ಕೂತುಕೊ ಸುಗಂಧಿ," ಎಂದರು ಬಾಯಿ.

ಅವಳು ಕೂತಳು. ಬಾಯಿಯವರು ನನ್ನ ಕಡೆ ತಿರುಗಲಿಲ್ಲ. ಮಂಜಿನ ಕಣ್ಣೊಂದು, ತಿಳಿಗಣ್ಣೊಂದು, ಎರಡನ್ನೂ ಸುಗಂಧಿಯ ಮೇಲೆ ಇಟ್ಟಿದ್ದರು.

"ನೀರಿನ ಮೇಲೆ ಹಾಡು ಬಹಳ ದೂರ ಕೇಳ್ತದೆ, ಗೊತ್ತುಂಟಾ? ನಾನು ದೋಣಿಯಲ್ಲಿ ಕೂತು ಕೇಳ್ತಾ ಇದ್ದೆ. ಮೊದಲ್ನೇದೇ ಆ ಏಳು ನಿಮಿಷದ್ದು ಬಂತು. ಒಂದು ನಿಮಿಷ ಹಾಯಿ ಉಬ್ಬಿತು, ಆಮೇಲೆ ಒದ್ದೆ ಲುಂಗಿ ಹಾಗೆ ನೇತುಬಿತ್ತು. ನಿಧಾನದ್ದು ಬಂತು. ತುತ್ತೂರಿದ್ದು ಬಂತು. ತುತ್ತೂರಿ ಶುರು ಆದ ಕೂಡ್ಲೇ ನಾನು ಹೇಳಿದೆ, ಇಸುಬಾಕ, ಹುಟ್ಟು ತೆಗಿ."

"ಹುಟ್ಟಾ?" ಎಂದಳು ಸುಗಂಧಿ.

"ದೋಣಿಯಲ್ಲಿ ಎರಡು ಇರ್ತದಲ್ಲ, ದಕ್ಕೆಯಿಂದ ದೂಡ್ಲಿಕ್ಕೆ. ಒಂದು ಅವ ಹಿಡಿದ, ಒಂದು ನಾನು. ಇಸುಬಾಕ ಬೈದ, ಬಾಯೀ ಕಣ್ಣು, ಬಾಯೀ ಕಣ್ಣು ಅಂತ. ನಾನು ಹೇಳಿದೆ, ಕಣ್ಣು ಎರಡುಂಟು, ತಟ್ಟೆ ಹಾಕುವವ ಒಬ್ಬನೇ ಇರುವುದು. ಹಾಯಿಯ ಮರೆಯಲ್ಲಿ ಕೂತು ಎರಡು ಮೈಲಿ ಹುಟ್ಟು ಹಾಕಿದೆವು. ಇವನ ಗಡಿಯಾರದ ಹಾಗೆ, ಟಿಕ್ ಟಿಕ್ ಟಿಕ್. ಹುಟ್ಟಿಗೆ ಅದು ಸರಿ ಆಗ್ತದೆ." ಬಾಯಿಯವರು ಸ್ವಲ್ಪ ನಕ್ಕ ಹಾಗಾಯಿತು. "ಕೊನೇಗೆ ದಡದ ಹತ್ರ ಬಂದಾಗ ಗಾಳಿ ಬಂತು. ಒಳ್ಳೇದೇ ಬಂತು. ಆದ್ರೆ ಅದು ದೋಣಿ ನೋಡಿ ಬಂದದ್ದು."

ಸುಗಂಧಿ ನನ್ನನ್ನು ನೋಡಿದಳು. ಅಂಗಡಿಯಲ್ಲಿ ನಲವತ್ತೆರಡು ಗಡಿಯಾರಗಳಿದ್ದವು, ಎಲ್ಲವೂ ನೆಟ್ಟಗೆ ನಡೆಯುತ್ತಿದ್ದವು.

"ಮತ್ತೆ ಕಣ್ಣಿಗೆ ಧೂಳು ಹೋದದ್ದು?" ಎಂದಳು.

"ಕೆರೆ ಮಧ್ಯದಲ್ಲಿ ಧೂಳು ಎಲ್ಲಿಂದ ಬರ್ತದೆ ಮಾರಾಯ್ತಿ. ಹೊಲಿಗೆ ಬಿಟ್ಟುಹೋಯ್ತು. ಹೋಗ್ಲಿ. ಇವನನ್ನು ಬೈಬೇಡ. ನಾನೂ ಹೇಳ್ಲಿಲ್ಲ, ಇಸುಬಾಕನೂ ಸಾಯುವವರೆಗೆ ಹೇಳ್ಲಿಲ್ಲ. ಪಾಪ, ಇವನಿಗೆ ಗೊತ್ತೇ ಇಲ್ಲ."

ನನಗೊಂದು ಬಾಗಿಲು ತೆರೆದಿಟ್ಟ ಹಾಗಿತ್ತು. ನಾನು ಹಣೆಗೆ ಕೈ ಹೊಡೆದುಕೊಂಡು ಆ ಬಾಗಿಲಲ್ಲಿ ಓಡಿದೆ. "ಅಯ್ಯೋ ಬಾಯೀ! ಇದೆಂಥ ಮಾತು! ಹನ್ನೊಂದು ವರ್ಷ ನನಗೆ ಒಂದು ಮಾತು ಹೇಳಬಾರದಿತ್ತಾ? ದೇವರಾಣೆ ನನಗೆ ಗೊತ್ತೇ ಇರಲಿಲ್ಲ!"

ಆಗ ಬಾಯಿಯವರು ನನ್ನ ಕಡೆ ತಿರುಗಿದರು.

"ಹೌದಾ ಭೋಜ?" ಎಂದರು. "ಹಾಗಾದ್ರೆ ಆವತ್ತು ಮಣಿಕಟ್ಟು ಎಂತಕ್ಕೆ ಹಿಡಿದೆ?"

ನಾನು ಬಟ್ಟೆ ತೆಗೆದು ಗಾಜು ಒರೆಸತೊಡಗಿದೆ.

"ನೀನು ದಕ್ಕೆಯಲ್ಲಿ ಎಷ್ಟು ಜನರನ್ನು ಇಳಿಸ್ಲಿಲ್ಲ? ಎಲ್ಲರನ್ನೂ ಅಂಗೈ ಹಿಡಿದು ಇಳಿಸ್ತಿ. ನನಗೂ ಮೊದಲು ಅಂಗೈಗೇ ಕೈ ಹಾಕಿದೆ. ಆಮೇಲೆ ಬಿಟ್ಟು ಮಣಿಕಟ್ಟು ಹಿಡಿದೆ."

ಬಾಯಿಯವರು ಬಲಗೈ ಚಾಚಿ ಗಾಜಿನ ಮೇಲೆ ಅಂಗಾತ ಇಟ್ಟರು. ಬೆರಳುಗಳ ಬುಡದಲ್ಲಿ ನಾಲ್ಕು ಬಿಳಿ ಕಲೆಗಳು. ಕೈಗಡಿಯಾರದ ಪಟ್ಟಿಯ ಅಳತೆಗೆ ನಾನು ಆ ಕೈಯನ್ನು ಈ ಹನ್ನೊಂದು ವರ್ಷಗಳಲ್ಲಿ ಆರು ಸಲ ಹಿಡಿದಿದ್ದೇನೆ. ಆರು ಸಲವೂ ಅಂಗಾತ ಮಾಡದೆ, ಮೇಲುಗಡೆಯಿಂದಲೇ ಅಳತೆ ತೆಗೆದೆ.

ಹೇಳುತ್ತೇನೆ. ಆಗ ಸುಗಂಧಿಯ ಎದುರು ಒಪ್ಪಿಕೊಂಡದ್ದನ್ನೇ ನಿಮಗೂ ಹೇಳುತ್ತೇನೆ, ಈ ಸಲ ಕೂಡಿಸುವುದಿಲ್ಲ.

ಆವತ್ತು ಅಂಗಳದಲ್ಲಿದ್ದವರು ಎಂಬತ್ತು ಜನ. ಮೊದಲ ತಟ್ಟೆಯನ್ನು ನಾನು ಅವರಿಗಾಗಿ ಹಾಕಲಿಲ್ಲ, ನನ್ನ ಹತ್ತಿರ ಎಂಥ ತಟ್ಟೆ ಇದೆ ನೋಡಿ ಎಂದು ಹಾಕಿದೆ. ಟೀಚರ್ ಕೂಗಿದಾಗಲೂ ನಾನು ತಲೆ ಎತ್ತಲಿಲ್ಲ. ತಟ್ಟೆ ತಿರುಗುವುದನ್ನು ನೋಡುತ್ತಿದ್ದೆ. ಮೂರನೆಯದಕ್ಕೆ ಅಂಗಳ ಖಾಲಿಯಾದಾಗ ಏನೋ ಬಿದ್ದಿತೆಂಬ ನೆವ ಮಾಡಿ ಮೇಜಿನಡಿಗೆ ಬಗ್ಗಿ ಅಲ್ಲೇ ಕೂತಿದ್ದೆ. ದೋಣಿ ಬರುತ್ತಿದೆ ಎಂದು ಟೀಚರ್ ಕೂಗಿದ್ದು ನನಗೆ ಕೇಳಿದ್ದು ಮೇಜಿನಡಿಯಲ್ಲಿ. ಎದ್ದು, ಕೈಗೆ ಸಿಕ್ಕಿದ ತಟ್ಟೆ ಹಾಕಿದೆ. ಅದು ನೂರ ನಲವತ್ತೆಂಟರದ್ದು ಎಂದು ತಿಳಿದದ್ದು ಆಮೇಲೆ. ತಟ್ಟೆಯನ್ನು ನೋಡಲು ಹೆದರಿಕೆಯಾಗಿ, ಮೊದಲ ಸಲ ಕಾಲುಗಳನ್ನು ನೋಡಿದೆ. ಟೀಚರ್ ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು. ನಾನು ತಟ್ಟೆ ಹಾಕಲು ಕಲಿತದ್ದು ಆ ಮೂರು ನಿಮಿಷದಲ್ಲಿ.

ದಕ್ಕೆಗೆ ಓಡಿದೆ. ಬಾಯಿಯವರು ಕೈ ಕೊಟ್ಟರು. ಅಂಗೈ ಒದ್ದೆಯಿತ್ತು, ನೀರು ಅಂದುಕೊಂಡೆ. ನೋಡಿದರೆ ಬೊಕ್ಕೆ ಒಡೆದ ಕೆಂಪು. ಹಾಯಿಯ ಮರೆಯಲ್ಲಿ ಎರಡು ಹುಟ್ಟು, ಎರಡೂ ಒದ್ದೆ. ಇಸುಬಾಕ ನನ್ನ ಮುಖ ನೋಡಲಿಲ್ಲ. ನನಗೆ ಎಲ್ಲ ಗೊತ್ತಾಯಿತು. ಆಗ ನಾನು ಹೇಳಬಹುದಿತ್ತು. ಸೂರ್ಯ ಇನ್ನೂ ಒಂದು ಬೆರಳಿದ್ದ. ಹಿಂದೆ ಊರೆಲ್ಲ ಭೋಜಣ್ಣ ಭೋಜಣ್ಣ ಎಂದು ಕೂಗುತ್ತಿತ್ತು. ಅದಕ್ಕಿಂತ ಮೊದಲು ನನ್ನ ಹೆಸರನ್ನು ಯಾರೂ ಅಷ್ಟು ಗಟ್ಟಿಯಾಗಿ, ನಗದೆ, ಕೂಗಿರಲಿಲ್ಲ. ನಾನು ಮಣಿಕಟ್ಟು ಹಿಡಿದೆ.

ಧೂಳಿನ ಮಾತನ್ನು ಕಟ್ಟಿದ್ದೂ ನಾನೇ. ಕಣ್ಣು ಯಾಕೆ ಹೋಯಿತೆಂದು ಯಾರಾದರೂ ಕೇಳುವ ಮೊದಲು.

ಬಾಯಿಯವರು ಇದನ್ನೆಲ್ಲ ಕೇಳಿ, "ಪಟ್ಟಿ ಸ್ವಲ್ಪ ಸಡಿಲ ಇಡು, ಕಳೆದ ಸಲ ಬಿಗಿ ಆಗಿತ್ತು," ಎಂದರು.

ನಾನು ಆ ಕೈಯನ್ನು ಹಿಡಿದು, ತಿರುಗಿಸದೆ, ಇದ್ದ ಹಾಗೇ ಪಟ್ಟಿ ಕಟ್ಟಿದೆ.

ಸುಗಂಧಿ ಗಾಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಹೊರಡುವಾಗ ಕಿಟಕಿಯ ಹತ್ತಿರ ನಿಂತಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗೆರೆಗೆ ಹಿಡಿದು ನೋಡಿದಳು.

"ಭೋಜಣ್ಣ, ಮತ್ತೆ ಗುಡ್ಡ?"

"ಗುಡ್ಡ ಅಲ್ಲೇ ಉಂಟು," ಎಂದೆ. "ಎರಡನೇ ಗೆರೆ ಎಳೆಯುವಾಗ ಸ್ಟೂಲನ್ನು ಸ್ವಲ್ಪ ಈಚೆ ಹಾಕಿ ಕೂತಿದ್ದೆ."